ಮೂರೂವರೆ ಮೀಟರ್ ಎತ್ತರದ ಪ್ರಯಾಣಿಕ

ಗಂಡು ಜಿರಾಫೆ ಮರಿಯ ತಲೆ ಮೂರೂವರೆ ಮೀಟರ್ ಮುಟ್ಟುವ ಹೊತ್ತಿಗೆ ಅದಕ್ಕೆ ಹೊಸ ಮನೆ ಗೊತ್ತಾಗಿರಬೇಕು. ಎರಡು ವರ್ಷದ ಆಸುಪಾಸಿಗೆ ಆ ಎತ್ತರ ಬಂದುಬಿಡುತ್ತದೆ. ಇನ್ನೊಂದಷ್ಟು ಕಾಲ ಬಿಟ್ಟರೆ ರಸ್ತೆ ಸೇತುವೆಗಳ ಕೆಳಗೆ ಅದನ್ನು ದಾಟಿಸುವುದು ಆಗದ ಮಾತು. ಕೊಟ್ಟಿಗೆಯೊಳಗೂ ಅಷ್ಟರಲ್ಲಿ ಕಸಿವಿಸಿ ಶುರುವಾಗಿರುತ್ತದೆ. ಅಪ್ಪ ಮಗನ ಮೇಲೆ ಕುತ್ತಿಗೆ ಬೀಸುತ್ತದೆ, ಮಗ ಅಕ್ಕತಂಗಿಯರ ಮೂತ್ರ ಮೂಸಿ ಮೇಲ್ದುಟಿ ಸುರುಟಿಕೊಂಡು ನಿಲ್ಲುತ್ತದೆ.

ಮೃಗಾಲಯದ ಸುದ್ದಿ ಫಲಕದಲ್ಲಿ ಇದು ಒಂದೇ ಸಾಲು: ‘ಹೊಸದಾಗಿ ಬಂದಿದೆ: ಜಿರಾಫೆ, ಗಂಡು, 2 ವರ್ಷ.’ ಅಂಥದೊಂದು ವರ್ಗಾವಣೆ ಸಾಮಾನ್ಯವಾಗಿ ಹೇಗೆ ಸಾಗುತ್ತದೆ ಎಂಬುದನ್ನು ಇಲ್ಲಿ ದಿನದ ಲೆಕ್ಕದಲ್ಲಿ ಇಟ್ಟಿದೆ. ದಾರಿ ಸುಮಾರು ಒಂಬೈನೂರು ಕಿಲೋಮೀಟರ್ ಎಂದುಕೊಳ್ಳೋಣ. ರಸ್ತೆಯ ಮೇಲೆ ಎರಡೇ ರಾತ್ರಿ. ಉಳಿದದ್ದೆಲ್ಲ ನಿಂತಲ್ಲೇ ಮಾಡುವ ಪ್ರಯಾಣ.

ಎಲ್ಲಿಗೆ ಹೋಗಬೇಕು ಅನ್ನುವುದನ್ನು ತೀರ್ಮಾನಿಸುವುದು ವಂಶಾವಳಿ ದಾಖಲೆ. ಯಾವ ಮೃಗಾಲಯದ ಹೆಣ್ಣುಗಳಿಗೂ ಈ ಗಂಡಿಗೂ ರಕ್ತಸಂಬಂಧ ಅತಿ ಕಡಿಮೆಯೋ ಆ ಕಡೆಗೆ ಮುಖ. ತಳಿ ಬೆರೆಯದಂತೆಯೂ ನೋಡಿಕೊಳ್ಳಬೇಕು. 2025ರಲ್ಲಿ ನಿಸರ್ಗ ಸಂರಕ್ಷಣೆಯ ಅಂತರರಾಷ್ಟ್ರೀಯ ಒಕ್ಕೂಟ ಐಯುಸಿಎನ್ ಜಿರಾಫೆಯನ್ನು ಒಂದಲ್ಲ, ನಾಲ್ಕು ಪ್ರಭೇದಗಳೆಂದು ಒಪ್ಪಿಕೊಂಡ ಮೇಲೆ ಈ ಎಚ್ಚರಕ್ಕೆ ಇನ್ನಷ್ಟು ತೂಕ ಬಂದಿದೆ. ದೇಶದ ಗಡಿ ದಾಟುವುದಿದ್ದರೆ ಸೈಟಿಸ್, ಅಂದರೆ ವನ್ಯಜೀವಿ ವ್ಯಾಪಾರವನ್ನು ನಿಯಂತ್ರಿಸುವ ಅಂತರರಾಷ್ಟ್ರೀಯ ಒಪ್ಪಂದದ, ಪರವಾನಗಿ ಬೇಕು. 2019ರಲ್ಲಿ ಜಿರಾಫೆ ಆ ಒಪ್ಪಂದದ ಎರಡನೆಯ ಅನುಬಂಧಕ್ಕೆ ಸೇರಿತು. ಹೆಣ್ಣಿಗೆ ಮನೆ ಸುಲಭವಾಗಿ ಸಿಗುತ್ತದೆ, ಗಂಡಿಗೆ ಕಷ್ಟ. 2014ರ ಫೆಬ್ರುವರಿಯಲ್ಲಿ ಕೋಪನ್‌ಹೇಗನ್ ಮೃಗಾಲಯ ತಳಿ ಕಾರ್ಯಕ್ರಮಕ್ಕೆ ಹೆಚ್ಚುವರಿ ಎಂದು ಮಾರಿಯಸ್ ಎಂಬ ಹರೆಯದ ಗಂಡನ್ನು ಕೊಂದಾಗ ಜಗತ್ತೆಲ್ಲ ಗದ್ದಲವಾಯಿತು. ಮರಿ ಹುಟ್ಟಿದ ದಿನವೇ ಅದರ ಮುಂದಿನ ಮನೆಯ ಚಿಂತೆ ಶುರುವಾಗಬೇಕು ಅನ್ನುವುದನ್ನು ಆ ಗದ್ದಲವಂತೂ ಎಲ್ಲರಿಗೂ ಕಾಣಿಸಿತು.

ಹೊರಡಲು ಆರು ವಾರ

ಪ್ರಾಣಿಯನ್ನು ಸಾಗಿಸುವ ಎತ್ತರದ ಪೆಟ್ಟಿಗೆ, ಅಂದರೆ ಕ್ರೇಟು, ಬಂದು ಕೊಟ್ಟಿಗೆಯ ಓಣಿಯಲ್ಲಿ ಕೂರುತ್ತದೆ. ಎರಡೂ ಕಡೆಯ ಬಾಗಿಲು ತೆರೆದೇ ಇರಬೇಕು. ಒಳಗಿನ ಅಗಲ ಪ್ರಾಣಿ ಹಿಂದಕ್ಕೆ ತಿರುಗಲಾರದಷ್ಟು. ಅರ್ಧ ತಿರುಗಿ ಸಿಕ್ಕಿಕೊಂಡರೆ ಕುತ್ತಿಗೆ ಮುರಿದುಕೊಳ್ಳುತ್ತದೆ. ಗೋಡೆಗೆ ಮೆತ್ತೆ, ನೆಲಕ್ಕೆ ರಬ್ಬರ್ ಹಾಸು, ಅದರ ಮೇಲೆ ಒಂದು ಪದರ ಮರಳು ಮತ್ತು ಒಣಹುಲ್ಲು. ಗೊರಸು ತೂರುವಂಥ ಒಂದು ಸಂದೂ ಇರಕೂಡದು. ಕಾಲಿನ ಭಾಗದಲ್ಲಿ ಹಲಗೆ ಪೂರ್ತಿ ಮುಚ್ಚಿರಬೇಕು, ಗಾಳಿಯ ಕಿಂಡಿಗಳೆಲ್ಲ ಮೇಲೆ. ಬಿಸಿಗಾಳಿ ಮೇಲೇರಿ ಸೂರಿನ ಕೆಳಗೆ ನಿಲ್ಲುತ್ತದೆ, ಜಿರಾಫೆಯ ಮೂಗಿರುವುದೂ ಅಲ್ಲೇ. ಈ ಮಾತು ಮರೆತು ದನದ ಕ್ರೇಟನ್ನೇ ಎತ್ತರಿಸಿ ಕಟ್ಟಿಸಿದರೆ ಪ್ರಾಣಿಯ ಹೊಟ್ಟೆ ತಂಪಾಗಿರುತ್ತದೆ, ತಲೆ ಬೇಯುತ್ತದೆ.

ಅರಿವಳಿಕೆ ಕೊಟ್ಟು ಹತ್ತಿಸಿಬಿಟ್ಟರಾಗದೇ ಎಂದು ಕೇಳುವವರುಂಟು. ಜಿರಾಫೆಯ ರಕ್ತದೊತ್ತಡ ಮನುಷ್ಯನದರ ಎರಡರಷ್ಟು. ಅಷ್ಟು ಎತ್ತರದಿಂದ ತಲೆ ದಿಢೀರನೆ ನೆಲಕ್ಕೆ ಬಂದರೆ ಆ ಒತ್ತಡದ ಲೆಕ್ಕವೆಲ್ಲ ತಪ್ಪುತ್ತದೆ. ಮಲಗಿದಾಗ ಮೆಲುಕು ಚೀಲದಿಂದ ಉಕ್ಕಿದ್ದು ಉಸಿರ್ನಾಳಕ್ಕೆ ಇಳಿಯಬಹುದು, ಬೀಳುವಾಗಲೇ ಕಾಲೋ ಕುತ್ತಿಗೆಯೋ ಉಳುಕಬಹುದು. ಬೇರೆ ದಾರಿಯಿಲ್ಲದಿದ್ದರೆ ಮಾತ್ರ ಆ ಕೆಲಸ. ಅದು ತನ್ನ ಕಾಲಿನಲ್ಲಿ ನಡೆದು ಒಳಗೆ ಹೋಗಬೇಕು, ತನ್ನ ಕಾಲಿನಲ್ಲೇ ನಡೆದು ಹೊರಗೆ ಬರಬೇಕು. ಆರು ವಾರ ಹಿಡಿಯುವುದು ಇದಕ್ಕೇ.

ಮೊದಲ ನಾಲ್ಕೈದು ದಿನ ಏನೂ ಕೇಳುವುದಿಲ್ಲ. ಕ್ರೇಟಿನ ಬಾಯಿಂದ ಎರಡು ಮೀಟರ್ ಈಚೆ ಸೊಪ್ಪಿನ ಕಟ್ಟು ತೂಗುಬಿಡುತ್ತಾರೆ. ಅದು ಬರುತ್ತದೆ, ಮೂಸುತ್ತದೆ, ಬಾಗಿಲ ಕಬ್ಬಿಣವನ್ನು ಒಂದೂವರೆ ಅಡಿ ನಾಲಿಗೆ ಚಾಚಿ ನೆಕ್ಕಿ ನೋಡುತ್ತದೆ, ಯಾರೋ ಬಕೆಟ್ ಇಟ್ಟ ಸದ್ದಿಗೆ ಬೆಚ್ಚಿ ಓಡುತ್ತದೆ. ಆಮೇಲೆ ಕಟ್ಟು ದಿನದಿಂದ ದಿನಕ್ಕೆ ಸ್ವಲ್ಪಸ್ವಲ್ಪವೇ ಒಳಗೆ ಸರಿಯುತ್ತದೆ. ಮುಂಗಾಲು ಒಂದು ಒಳಗೆ, ಎರಡೂ ಒಳಗೆ, ಮೈಯೆಲ್ಲ ಒಳಗೆ ಹೋಗಿ ಆಚೆ ಬಾಗಿಲಿಂದ ಹೊರಗೆ. ಹತ್ತು ಹದಿನೈದು ದಿನ ಹೀಗೆ ಹಾದುಹೋಗುವುದೇ ಪಾಠ. ಇದು ಓಣಿ, ಸಿಕ್ಕಿಬೀಳುವ ಗೂಡಲ್ಲ ಎಂದು ಅದಕ್ಕೆ ಖಾತ್ರಿಯಾದ ಮೇಲೆ ಮುಂದಿನ ಬಾಗಿಲು ಮುಚ್ಚಿಟ್ಟು ಒಳಗೇ ನಿಂತು ತಿನ್ನುವ ಅಭ್ಯಾಸ. ಮೂರನೆಯ ವಾರ ಹಿಂದಿನ ಬಾಗಿಲಿನ ಸದ್ದು ಮಾತ್ರ: ಬಾಗಿಲು ಅಲ್ಲಾಡಿಸಿ ಬಿಡುವುದು. ನಾಲ್ಕನೆಯದರಲ್ಲಿ ಮುಚ್ಚಿ, ಐದು ಎಣಿಸಿ, ತೆರೆಯುವುದು. ಆಮೇಲೆ ಒಂದು ನಿಮಿಷ, ಹತ್ತು ನಿಮಿಷ, ಅರ್ಧ ಗಂಟೆ. ಕೊನೆಯ ವಾರ ಪಕ್ಕದಲ್ಲಿ ಲಾರಿಯ ಎಂಜಿನ್ ಚಾಲೂ ಮಾಡಿಟ್ಟು ಇದನ್ನೇ ಮತ್ತೆ.

ಕೆಡುವುದು ಸಾಮಾನ್ಯವಾಗಿ ನಾಲ್ಕನೆಯ ವಾರದಲ್ಲಿ. ಪ್ರಾಣಿ ಚೆನ್ನಾಗಿ ಒಳಗೆ ಬರುತ್ತಿದೆ, ಇವತ್ತೇ ಮುಚ್ಚಿಬಿಡೋಣ ಎಂದು ಯಾರೋ ಆತುರಪಡುತ್ತಾರೆ. ಬಾಗಿಲು ಹಿಂಗಾಲಿಗೆ ತಾಗುತ್ತದೆ. ಅದು ಹಿಂದಕ್ಕೆ ಒದೆಯುತ್ತದೆ, ಬಾಗಿಲು ಇನ್ನೂ ಜೋರಾಗಿ ಸದ್ದು ಮಾಡುತ್ತದೆ. ಮರುದಿನ ಕಟ್ಟು ಮತ್ತೆ ಎರಡು ಮೀಟರ್ ಈಚೆಗೆ. ಒಂದು ಕ್ಷಣದ ಅವಸರಕ್ಕೆ ಮೂರು ವಾರ ದಂಡ. ಪಾಠ ಕಲಿಸುವ ಪ್ರಾಣಿಪಾಲಕರು ಇಬ್ಬರೇ ಇರಬೇಕು, ದಿನವೂ ಅವರೇ, ಅದೇ ಸೀಟಿ, ಅದೇ ಹೊತ್ತು. ಹೊಸ ಮುಖವೊಂದು ಬಾಗಿಲ ಬಳಿ ನಿಂತಿದ್ದರೂ ಆ ದಿನದ ಪಾಠ ಮುಗಿದಂತೆಯೇ.

ಹೊರಡಲು ಮೂರು ವಾರ

ಹಿಕ್ಕೆ ಪರೀಕ್ಷೆ, ಕ್ಷಯ ಪರೀಕ್ಷೆ, ರಕ್ತ. ಹಿಕ್ಕೆಯಲ್ಲಿ ಮುಖ್ಯವಾಗಿ ಹುಡುಕುವುದು ಹಿಮಾಂಕಸ್ ಎಂಬ ರಕ್ತ ಹೀರುವ ಜಂತುಹುಳುವಿನ ಮೊಟ್ಟೆಗಳನ್ನು. ಕುರಿ ಮೇಕೆಗಳ ಈ ಹುಳು ಜಿರಾಫೆಗೆ ಸುಲಭವಾಗಿ ಅಂಟುತ್ತದೆ, ಮದ್ದಿಗೆ ಬಗ್ಗದ ಜಾತಿಯೂ ಹಲವೆಡೆ ಇದೆ. ಕಾಡಿನಲ್ಲಿ ಎತ್ತರದ ಎಲೆ ಮೇಯುವ ಪ್ರಾಣಿಗೆ ಮೃಗಾಲಯದಲ್ಲಿ ನೆಲದ ಹುಲ್ಲು ಮೇಯುವ ಚಟ ಹತ್ತಿದರೆ ಹುಳುವಿಗೆ ದಾರಿ ಸಿಕ್ಕಂತೆ.

ಗುರುತಿಗೆ ಚರ್ಮದಡಿಯ ಮೈಕ್ರೋಚಿಪ್ಪು, ಹದಿನೈದು ಅಂಕಿ. ಜೊತೆಗೆ ಎರಡೂ ಮಗ್ಗುಲಿನ ಫೋಟೋ. ಜಿರಾಫೆಯ ಮೈಮಚ್ಚೆಯ ಚಿತ್ತಾರ ಒಂದಕ್ಕೊಂದು ಹೋಲುವುದಿಲ್ಲ, ಬೆಳೆದಂತೆ ಬಣ್ಣ ಗಾಢವಾದರೂ ಆಕಾರ ಬದಲಾಗುವುದಿಲ್ಲ. ಚಿಪ್ಪಿನ ಅಂಕಿಯನ್ನು ಆರೋಗ್ಯ ಪ್ರಮಾಣಪತ್ರ, ಸಾಗಣೆ ಪರವಾನಗಿ, ವಂಶಾವಳಿ ದಾಖಲೆ ಮೂರರಲ್ಲೂ ಒಬ್ಬರು ಓದಿ ಇನ್ನೊಬ್ಬರು ತಾಳೆ ನೋಡಬೇಕು. ಒಂದು ಅಂಕಿ ಅದಲುಬದಲಾದರೆ ತನಿಖಾ ಠಾಣೆಯಲ್ಲಿ ಕಾಗದ ಸರಿಪಡಿಸುವವರೆಗೆ ಲಾರಿ ಬಿಸಿಲಲ್ಲಿ ನಿಲ್ಲುತ್ತದೆ.

ಹೊರಡಲು ಹತ್ತು ದಿನ

ಈಗ ದಾರಿಯ ಅಳತೆ. ಲೋಬೆಡ್ ಟ್ರೇಲರಿನ, ಅಂದರೆ ತಗ್ಗು ಹಲಗೆಯ ಲಾರಿ ಗಾಡಿಯ, ಹಲಗೆ ನೆಲದಿಂದ 80 ಸೆಂಟಿಮೀಟರ್ ಎಂದಿಟ್ಟುಕೊಂಡರೆ, ಅದರ ಮೇಲೆ ಮೂರೂವರೆ ಮೀಟರ್ ಪ್ರಾಣಿ: 4.3 ಮೀಟರ್. ಸೇತುವೆಯ ಫಲಕದಲ್ಲಿ 4.5 ಎಂದಿದ್ದರೆ ಉಳಿದದ್ದು ಒಂದು ಗೇಣು. ಆ ಗೇಣನ್ನೂ ನಂಬುವಂತಿಲ್ಲ. ಫಲಕ ನೆಟ್ಟ ಮೇಲೆ ರಸ್ತೆಗೆ ಎರಡು ಸಲ ಡಾಂಬರು ಬಿದ್ದಿರಬಹುದು. ಕೆಳಸೇತುವೆಯ ರಸ್ತೆ ತಗ್ಗಿಗಿಳಿದು ಏರುವಂತಿದ್ದರಂತೂ ಲೆಕ್ಕ ಇನ್ನೂ ಮೋಸದ್ದು: ಉದ್ದನೆಯ ಟ್ರೇಲರಿನ ಮುಂದಿನ ಗಾಲಿ ಆ ಏರಿನಲ್ಲಿ, ಹಿಂದಿನದು ಈ ಇಳಿಜಾರಿನಲ್ಲಿ ಇದ್ದಾಗ ನಡುಭಾಗ ತಗ್ಗಿನ ಮೇಲೆ ತೊಲೆಯಂತೆ ತೇಲುತ್ತದೆ, ಫಲಕದ ಅಳತೆಗಿಂತ ಜಾಗ ಕಡಿಮೆಯೇ ಸಿಗುತ್ತದೆ. ಹಾಗಾಗಿ ಒಬ್ಬರು ಜೀಪಿನ ಮುಂದೆ ಕೋಲು ಕಟ್ಟಿಕೊಂಡು ಇಡೀ ದಾರಿ ಒಮ್ಮೆ ಓಡಿಸಿ ಬರುತ್ತಾರೆ. ಕೋಲಿನ ತುದಿ ಒಟ್ಟು ಎತ್ತರಕ್ಕಿಂತ ಹತ್ತು ಸೆಂಟಿಮೀಟರ್ ಮೇಲಿರಬೇಕು. ತಾಗಿದ ಕಡೆಯೆಲ್ಲ ಗುರುತು: ಕಮಾನು, ಜೋತುಬಿದ್ದ ವಿದ್ಯುತ್ ತಂತಿ, ಮರದ ಕೊಂಬೆ, ಬ್ಯಾನರ್ ಕಟ್ಟಿದ ಹಗ್ಗ. ಕ್ರೇಟಿನ ಸೂರು ಮೇಲೆ ಕೆಳಗೆ ಸರಿಯುವ ಟಾರ್ಪಾಲಿನದು. ತೀರ ತಗ್ಗಾದ ಸೇತುವೆ ಬಂದಾಗ ಕೆಳಗಿನ ಕಿಂಡಿಯಲ್ಲಿ ಸೊಪ್ಪು ಹಿಡಿದು ತಲೆ ತಗ್ಗಿಸುವಂತೆ ಮಾಡಿ, ಸೂರು ಇಳಿಸಿ, ನಡೆಯುವ ವೇಗದಲ್ಲಿ ದಾಟಿಸುತ್ತಾರೆ. ಹೀಗೆ ಮಾಡುವ ಕಡೆಗಳು ದಾರಿಯುದ್ದಕ್ಕೂ ಎರಡು ಮೂರಕ್ಕಿಂತ ಹೆಚ್ಚಿದ್ದರೆ ಸುತ್ತುದಾರಿಯೇ ಮೇಲು.

ಮುನ್ನಾದಿನ

ಹದಿನೈದು ದಿನಕ್ಕಾಗುವಷ್ಟು ಹಳೆಯ ಮೇವನ್ನು ಇನ್ನೊಂದು ವಾಹನಕ್ಕೆ ತುಂಬುತ್ತಾರೆ. ಕುದುರೆ ಮೆಂತೆಯ ಒಣಹುಲ್ಲು, ಪೆಲೆಟ್ ಎಂಬ ಗುಳಿಗೆ ಮೇವು, ಎರಡು ಚೀಲ ಕೊಟ್ಟಿಗೆಯ ಮಣ್ಣು, ಒಂದು ಚೀಲ ಹಿಕ್ಕೆ. ಹಿಕ್ಕೆ ಯಾಕೆಂಬುದು ಮೂರನೆಯ ದಿನ ಗೊತ್ತಾಗುತ್ತದೆ.

ದಿಗಿಲಿನ ಸ್ವಭಾವದ ಪ್ರಾಣಿಯಾಗಿದ್ದರೆ ಪಶುವೈದ್ಯರು ಝುಕ್ಲೊಪೆಂಥಿಕ್ಸಾಲ್ ಅಸಿಟೇಟ್ ಚುಚ್ಚುತ್ತಾರೆ. ಇದು ನಿದ್ದೆಯ ಮದ್ದಲ್ಲ, ಭಯ ತಗ್ಗಿಸುವ ಮದ್ದು. ಹತ್ತಲು ಕೆಲವು ಗಂಟೆ ಬೇಕು, ಎರಡು ಮೂರು ದಿನ ಇರುತ್ತದೆ. ಕೊನೆ ಗಳಿಗೆಯಲ್ಲಿ ಕೊಟ್ಟರೆ ಉಪಯೋಗವಿಲ್ಲ. ಕಾಲು ತಡವರಿಸುವಷ್ಟು ಕೊಟ್ಟರೆ ಅದಕ್ಕಿಂತ ಕೇಡು, ಏಕೆಂದರೆ ಅಲ್ಲಾಡುವ ಲಾರಿಯಲ್ಲಿ ಜಿರಾಫೆಯನ್ನು ಕಾಪಾಡುವುದು ಅದರ ಕಾಲಿನ ಸಮತೋಲವೇ.

ಮೊದಲ ದಿನ

ಬೆಳಗಿನ ಸೊಪ್ಪು ಹಾಕುವುದಿಲ್ಲ. ಉಪವಾಸವಲ್ಲ, ಒಣಹುಲ್ಲು ಇದ್ದೇ ಇರುತ್ತದೆ. ಪಾಠದ ಸೊಪ್ಪು ಮಾತ್ರ ತಡ. ಮಧ್ಯಾಹ್ನ ಮೂರೂವರೆಗೆ ಸೀಟಿ. ಓಣಿಯಲ್ಲಿ ಇಬ್ಬರೇ ಪಾಲಕರು. ನಿರ್ದೇಶಕರು, ಕ್ಯಾಮೆರಾದವರು, ಬೀಳ್ಕೊಡಲು ಬಂದವರೆಲ್ಲ ಗೋಡೆಯ ಆಚೆ. ಆರು ವಾರದ ಪಾಠ ಸರಿಯಾಗಿದ್ದರೆ ಹತ್ತು ನಿಮಿಷದಲ್ಲಿ ಕೆಲಸ ಮುಗಿಯುತ್ತದೆ. ಆರು ಗಂಟೆಯಾದರೂ ಒಳಗೆ ಹೋಗದಿದ್ದರೆ ಲಾರಿಯವರಿಗೆ ನಾಳೆ ಬನ್ನಿ ಎನ್ನಬೇಕು. ಹಗ್ಗ ಹಾಕಿ ಎಳೆಯುವುದು, ಹಿಂದಿನಿಂದ ಹಲಗೆ ಹಿಡಿದು ನೂಕುವುದು ಬೇಡವೇ ಬೇಡ.

ಹೀಗೆ ಸೆಣಸಾಡಿದ ಪ್ರಾಣಿಗೆ ಬರುವ ಕಾಯಿಲೆಯೊಂದಿದೆ. ಅತಿಯಾಗಿ ಒದ್ದಾಡಿದ ಸ್ನಾಯುಗಳು ಒಡೆದು ಅದರ ಕೆಂಪು ಅಂಶ ರಕ್ತಕ್ಕಿಳಿದು ಮೂತ್ರಪಿಂಡ ಕಟ್ಟಿಹೋಗುತ್ತದೆ. ಮೂತ್ರ ಕಡುಗಂದು ಬಣ್ಣಕ್ಕೆ ತಿರುಗುತ್ತದೆ, ಕಾಲು ಸೆಟೆಯುತ್ತವೆ. ಸೆಣಸಾಡಿದ ಹೊತ್ತಿಗೆ ಮೈಯೆಲ್ಲ ಚೆನ್ನಾಗಿದ್ದಂತೆ ಕಂಡ ಪ್ರಾಣಿ ಎರಡು ದಿನ ಬಿಟ್ಟು ಸತ್ತದ್ದುಂಟು. ಅದಕ್ಕೇ ದಾರಿಯಲ್ಲಿ ಪ್ರತಿ ನಿಲುಗಡೆಯಲ್ಲೂ ಮೊದಲು ನೋಡುವುದು ಹುಲ್ಲಿನ ಮೇಲೆ ಬಿದ್ದ ಮೂತ್ರದ ಬಣ್ಣವನ್ನು.

ಐದು ಗಂಟೆಗೆ ಹೊರಡುತ್ತದೆ. ಮುಂದೆ ಪೈಲಟ್ ವಾಹನ, ನಡುವೆ ಟ್ರೇಲರ್, ಹಿಂದೆ ವೈದ್ಯರು ಮತ್ತು ಮೇವು. ವೇಗ ಗಂಟೆಗೆ ಐವತ್ತು. ಬ್ರೇಕನ್ನು ಮೆಲ್ಲಗೆ ಒತ್ತಬೇಕು, ಹಂಪಿನ ಮೇಲೆ ತೆವಳಬೇಕು. ಮೊದಲ ಅರ್ಧ ಗಂಟೆ ಕ್ಯಾಮೆರಾದಲ್ಲಿ ಅದು ಕಿವಿ ನಿಮಿರಿಸಿ, ನಾಲ್ಕೂ ಕಾಲು ಅಗಲಿಸಿ ನಿಂತಿರುತ್ತದೆ. ತಿರುವುಗಳ ಲಯ ಸಿಕ್ಕ ಮೇಲೆ ಮೈಯನ್ನು ಗೋಡೆಯ ಮೆತ್ತೆಗೆ ಆನಿಸಿಕೊಳ್ಳುತ್ತದೆ.

ಅತ್ತ ಖಾಲಿಯಾದ ಕೊಟ್ಟಿಗೆಯಲ್ಲೂ ಆ ರಾತ್ರಿ ಒಬ್ಬರು ಇರುವುದು ಒಳ್ಳೆಯದು. ತಾಯಿ ಬೇಲಿಯುದ್ದಕ್ಕೂ ತಿರುಗುತ್ತದೆ, ಮೇವು ಬಿಡುತ್ತದೆ. ಜಿರಾಫೆ ಮೂಕ ಎಂದು ಬಹಳ ಕಾಲ ನಂಬಿದ್ದರು. ವಿಯೆನ್ನಾ, ಬರ್ಲಿನ್, ಕೋಪನ್‌ಹೇಗನ್ ಮೃಗಾಲಯಗಳಲ್ಲಿ ನೂರಾರು ಗಂಟೆ ಧ್ವನಿಮುದ್ರಣ ಮಾಡಿ 2015ರಲ್ಲಿ ಪ್ರಕಟಿಸಿದ ಅಧ್ಯಯನ ಅವು ರಾತ್ರಿ ಹೊತ್ತು ತೀರ ಕೆಳದನಿಯಲ್ಲಿ, ಸುಮಾರು 92 ಹರ್ಟ್ಸ್‌ನಲ್ಲಿ, ಗುಂಯ್‌ಗುಡುತ್ತವೆ ಎಂದು ತೋರಿಸಿತು. ಯಾಕೆ ಗುಂಯ್‌ಗುಡುತ್ತವೆ ಅನ್ನುವುದಕ್ಕೆ ಅಧ್ಯಯನ ಮಾಡಿದವರೂ ಖಚಿತ ಉತ್ತರ ಕೊಡಲಿಲ್ಲ.

ಎರಡನೆಯ ದಿನ

ಮೂರು ಗಂಟೆಗೊಮ್ಮೆ ನಿಲುಗಡೆ, ಹದಿನೈದು ಇಪ್ಪತ್ತು ನಿಮಿಷ ಸಾಕು. ನೀರನ್ನು ಎದೆಯ ಎತ್ತರಕ್ಕೆ ಹಿಡಿಯಬೇಕು. ನೆಲದ ಮೇಲಿನ ನೀರು ಕುಡಿಯಲು ಜಿರಾಫೆ ಮುಂಗಾಲು ಅಗಲಿಸಿ ಬಗ್ಗಬೇಕಾಗುತ್ತದೆ. ಕ್ರೇಟಿನೊಳಗೆ ಹಾಗೆ ಬಗ್ಗಿದರೆ ಜಾರುತ್ತದೆ. ಬಕೆಟನ್ನು ಒಳಗೇ ತೂಗುಬಿಟ್ಟು ಓಡಿಸಿದರೆ ನೀರು ತುಳುಕಿ ನೆಲ ಜಾರುಬಂಡೆ. ಎಷ್ಟೋ ಪ್ರಾಣಿಗಳು ದಾರಿಯಲ್ಲಿ ನೀರು ಮುಟ್ಟುವುದೇ ಇಲ್ಲ. ಅದಕ್ಕೆ ಸೊಪ್ಪನ್ನು ನೀರಿನಲ್ಲಿ ಅದ್ದಿ, ತೊಟ್ಟಿಕ್ಕುವಂತೆಯೇ ಕಟ್ಟುತ್ತಾರೆ.

ಬೆಳಿಗ್ಗೆ ಎಂಟರಿಂದ ಸಂಜೆ ನಾಲ್ಕರವರೆಗೆ ತಂಗುವುದು. ನೆರಳು, ಗಾಳಿ ಎರಡೂ ಇರುವ ಜಾಗವನ್ನು ಮೊದಲೇ ನೋಡಿಟ್ಟಿರಬೇಕು. ಓಡುವ ಲಾರಿಗೆ ಗಾಳಿ ತಾನೇ ಬರುತ್ತದೆ, ನಿಂತ ಲಾರಿ ಕಾಲು ಗಂಟೆಯಲ್ಲಿ ಒಲೆಯಾಗುತ್ತದೆ. ಕ್ರೇಟಿನ ಮೇಲ್ಭಾಗದಲ್ಲಿ, ಅಂದರೆ ತಲೆಯ ಮಟ್ಟದಲ್ಲಿ, ಉಷ್ಣಮಾಪಕ ಇರಬೇಕು. ಕೆಳಗೆ ಇಟ್ಟದ್ದು ಸುಳ್ಳು ಹೇಳುತ್ತದೆ. ಟಾರ್ಪಾಲು ಸರಿಸಿ ಎರಡು ಫ್ಯಾನು ಹಾಕುತ್ತಾರೆ. ಜನ ಸೇರದಂತೆ ನೋಡಿಕೊಳ್ಳುವುದೇ ಆ ಎಂಟು ಗಂಟೆಯ ದೊಡ್ಡ ಕೆಲಸ. ಲಾರಿಯಿಂದ ಎರಡು ಕೊಂಬು ಮೇಲೆದ್ದು ಕಂಡರೆ ಯಾರು ತಾನೇ ನಿಲ್ಲದೆ ಹೋದಾರು?

ನಿಲ್ಲದೆ ಹೋಗದ ಜನರನ್ನು ನೆನೆದಾಗ 1827 ನೆನಪಾಗುತ್ತದೆ. ಈಜಿಪ್ಟಿನಿಂದ ಫ್ರಾನ್ಸಿನ ದೊರೆಗೆ ಉಡುಗೊರೆಯಾಗಿ ಬಂದ ಹೆಣ್ಣು ಜಿರಾಫೆಯನ್ನು ಹಡಗಿನಿಂದ ಮಾರ್ಸೇಯಲ್ಲಿ ಇಳಿಸಿಕೊಂಡು, ಚಳಿಗಾಲ ಅಲ್ಲೇ ಕಳೆಸಿ, ಮೇ 20ರಂದು ಪ್ಯಾರಿಸ್ಸಿಗೆ ನಡೆಸಿಕೊಂಡೇ ಹೊರಟರು. ಇದೇ ಒಂಬೈನೂರು ಕಿಲೋಮೀಟರಿನ ಆಸುಪಾಸಿನ ದಾರಿ. ಜೊತೆಗೆ ಹಾಲಿಗೆಂದು ಹಸುಗಳು, ಮಳೆಗೆಂದು ಅದರ ಅಳತೆಗೇ ಹೊಲಿಸಿದ ಅಂಗಿ, ಮುಂದಾಳಾಗಿ ಐವತ್ತು ದಾಟಿದ ಪ್ರಾಣಿವಿಜ್ಞಾನಿ ಎತಿಯೆನ್ ಜೆಫ್ರುವಾ ಸೆಂತಿಲೇರ್. ಜೂನ್ 30ಕ್ಕೆ ತಲುಪಿದರು. ಆ ಜಿರಾಫೆ ಪ್ಯಾರಿಸ್ಸಿನಲ್ಲಿ 1845ರವರೆಗೆ ಬದುಕಿತು. ಲಾರಿಯಿಲ್ಲದ ಆ ಪಯಣದಲ್ಲಿ ಎಲ್ಲ ಸರಿಯಾಗಿಯೇ ಇತ್ತು: ಪ್ರಾಣಿಯ ವೇಗ, ಗೊತ್ತಿದ್ದ ಜನ, ಅಭ್ಯಾಸದ ಆಹಾರ.

ಮೂರನೆಯ ದಿನ

ಬೆಳಗಿನ ಜಾವ ನಾಲ್ಕಕ್ಕೆ ತಲುಪಿದರೂ ಬೆಳಕು ಹರಿಯುವವರೆಗೆ ಇಳಿಸುವುದಿಲ್ಲ. ಬೆಳಕಿನಿಂದ ಕತ್ತಲಿಗೆ ಕಾಲಿಡಲು ಜಿರಾಫೆ ಒಪ್ಪದು. ಕೊಟ್ಟಿಗೆಯ ಒಳಗೆ ಕ್ರೇಟಿಗಿಂತ ತುಸು ಹೆಚ್ಚು ಬೆಳಕಿರಬೇಕು.

ಟ್ರೇಲರನ್ನು ಹಿಂದಕ್ಕೆ ಒರಗಿಸುವಾಗ ಎಲ್ಲರ ಕಣ್ಣೂ ಒಂದೇ ಕಡೆ. ಹಲಗೆಯ ತುದಿಗೂ ಕೊಟ್ಟಿಗೆಯ ನೆಲಕ್ಕೂ ನಡುವೆ ನಾಲ್ಕು ಬೆರಳು ಸಂದು ಉಳಿದರೂ ಸಾಕು, ಗೊರಸು ಅದರಲ್ಲಿ ಇಳಿದು ಕಾಲು ಮುರಿಯುತ್ತದೆ. ಮರಳು ಚೀಲ ತುರುಕಿ, ರಬ್ಬರ್ ಹಾಸು ಎಳೆದು, ಅದರ ಮೇಲೆ ತಂದ ಮಣ್ಣು ಹರಡಿ, ಕೊನೆಗೆ ಆ ಚೀಲದ ಹಿಕ್ಕೆ ಚೆಲ್ಲುತ್ತಾರೆ. ಹೊಸ ನೆಲಕ್ಕೆ ಹಳೆಯ ಮನೆಯ ವಾಸನೆ ಬರುತ್ತದೆ. ನೆಲದ ಮೇಲೆ ಬಿದ್ದ ಬಾಗಿಲ ನೆರಳಿನ ಗೆರೆಯನ್ನೂ ಅದು ಹಳ್ಳವೆಂದು ಬಗೆದು ನಿಲ್ಲುವುದುಂಟು. ಆ ಗೆರೆಯನ್ನೂ ಹುಲ್ಲು ಹರಡಿ ಮುಚ್ಚುತ್ತಾರೆ.

ಬಾಗಿಲು ತೆರೆದ ಮೇಲೆ ಯಾರೂ ಮಾತಾಡಬಾರದು. ಐದು ನಿಮಿಷವಾದೀತು, ಐದು ಗಂಟೆಯೂ ಆದೀತು. ತಲೆ ಹೊರಗೆ ಬರುತ್ತದೆ, ಒಳಗೆ ಹೋಗುತ್ತದೆ. ಒಂದು ಕಾಲು ಇಳಿಯುತ್ತದೆ, ಮತ್ತೆ ಮೇಲಕ್ಕೆ. ಹಿಂದಿನಿಂದ ಕ್ರೇಟಿಗೆ ತಟ್ಟಿದರೆ ಅದು ಚಿಮ್ಮಿ ಎದುರು ಗೋಡೆಗೆ ಹೋಗಿ ಬಡಿಯುತ್ತದೆ. ಹಳೆಯ ಪಾಲಕರು ಬಂದಿರುವುದು ಈ ಗಳಿಗೆಗಾಗಿ. ಅವರ ಸೀಟಿಗೆ ಅದು ಇಳಿಯುತ್ತದೆ, ಒಂದು ಮಗ್ಗುಲಿನ ಎರಡು ಕಾಲು ಒಟ್ಟಿಗೆ, ಆಮೇಲೆ ಇನ್ನೊಂದು ಮಗ್ಗುಲಿನವು.

ಇಳಿದು ನಿಂತ ಪ್ರಾಣಿ ತಿಂದರೆ ಸಂತೋಷ, ಆದರೆ ಭಯದಲ್ಲೂ ಎರಡು ಬಾಯಿ ಸೊಪ್ಪು ಎಳೆದುಕೊಳ್ಳುವುದುಂಟು. ಕಾಯಬೇಕಾದದ್ದು ಮೆಲುಕಿಗೆ. ಕುತ್ತಿಗೆಯ ಎಡಬದಿಯಲ್ಲಿ, ಬುಡದ ಹತ್ತಿರ, ಚರ್ಮದಡಿ ಒಂದು ಉಬ್ಬು ಕಾಣಿಸಿ ಸರ್ರನೆ ಮೇಲೇರುತ್ತದೆ, ಕೊಳವೆಯೊಳಗೆ ಚೆಂಡು ಓಡಿದ ಹಾಗೆ. ದವಡೆ ಅಡ್ಡಡ್ಡಲಾಗಿ ಆಡತೊಡಗುತ್ತದೆ, ರೆಪ್ಪೆ ಅರ್ಧ ಇಳಿಯುತ್ತದೆ. ಒಂದು ನಿಮಿಷದ ಹತ್ತಿರ ಅಗಿದು ನುಂಗಿದ ಮೇಲೆ ಅದೇ ಉಬ್ಬು ಕೆಳಗಿಳಿಯುತ್ತದೆ, ಸ್ವಲ್ಪ ಹೊತ್ತಿಗೆ ಇನ್ನೊಂದು ಮೇಲೇರುತ್ತದೆ. ಹೆದರಿದ ಪ್ರಾಣಿ ಮೆಲುಕು ಹಾಕುವುದಿಲ್ಲ. ಸಂಜೆಯೊಳಗೆ ಮೊದಲ ಮೆಲುಕು ಕಂಡರೆ ವೈದ್ಯರು ಊಟಕ್ಕೆ ಏಳುತ್ತಾರೆ. ಮರುದಿನವೂ ಕಾಣದಿದ್ದರೆ ಹಿಕ್ಕೆ, ಮೂತ್ರ, ಉಸಿರು ಎಲ್ಲದರ ಮೇಲೂ ಕಣ್ಣಿಡಬೇಕು. ರಾತ್ರಿ ಒಂದು ಮಂದ ದೀಪ ಉರಿಯುತ್ತಲೇ ಇರಲಿ. ಗೋಡೆ ಎಲ್ಲಿದೆ ಎಂದು ಅದಕ್ಕಿನ್ನೂ ಗೊತ್ತಿಲ್ಲ.

ನಾಲ್ಕರಿಂದ ಮೂವತ್ತಮೂರು

ಕ್ವಾರಂಟೈನ್, ಕನಿಷ್ಠ ಮೂವತ್ತು ದಿನ. ಬೇರೆ ಬೂಟು, ಬೇರೆ ಸಲಿಕೆ, ಬೇರೆ ಬಕೆಟ್. ಸಾಧ್ಯವಿದ್ದರೆ ಬೇರೆಯೇ ಪಾಲಕರು; ಇಲ್ಲವಾದರೆ ಮೊದಲು ಹಳೆಯ ಜಿರಾಫೆಗಳ ಕೆಲಸ ಮುಗಿಸಿ ಕೊನೆಗೆ ಇಲ್ಲಿಗೆ. ಹಿಕ್ಕೆ ಪರೀಕ್ಷೆ ಮೂರು ಸಲ. ಕೊಟ್ಟಿಗೆಯ ಬಿಸಿ 18 ಡಿಗ್ರಿಗಿಂತ ಇಳಿಯಬಾರದು. ಮೈಯಲ್ಲಿ ಕೊಬ್ಬು ಕಡಿಮೆ ಇರುವ ಪ್ರಾಣಿ ಇದು. ಚಳಿಯೂ ಮೇವಿನ ಕೊರತೆಯೂ ಕೂಡಿಬಂದರೆ ಹಠಾತ್ತನೆ ಕುಸಿಯುತ್ತದೆ.

ಮೇವು ಬದಲಿಸುವುದು ನಿಧಾನವಾಗಿ. ಮೊದಲ ನಾಲ್ಕು ದಿನ ಪೂರ್ತಿ ಹಳೆಯದು, ಆಮೇಲೆ ಕಾಲು ಭಾಗ ಹೊಸದು, ಅರ್ಧ, ಮುಕ್ಕಾಲು, ಹದಿನೈದನೆಯ ದಿನಕ್ಕೆ ಪೂರ್ತಿ. ಬಂದ ಖುಷಿಗೆ ಹಣ್ಣು, ಬ್ರೆಡ್ಡು, ಕಾಳು ಸುರಿದರೆ ಮೆಲುಕು ಚೀಲ ಹುಳಿಯಾಗಿ ಅದು ಮೇವೇ ಬಿಡುತ್ತದೆ. ನಿಂತೇ ತೂಕಡಿಸುವ ಅದು ಒಂದು ರಾತ್ರಿ ಕಾಲು ಮಡಚಿ ಮಲಗಿ, ಕುತ್ತಿಗೆ ಹಿಂದಕ್ಕೆ ಬಾಗಿಸಿ ತಲೆಯನ್ನು ಸೊಂಟದ ಮೇಲೆ ಇಟ್ಟುಕೊಂಡದ್ದು ಕ್ಯಾಮೆರಾದಲ್ಲಿ ಸಿಕ್ಕರೆ ದಿನಚರಿಯಲ್ಲಿ ಆ ಸಾಲಿನ ಕೆಳಗೆ ಗೆರೆ ಬೀಳುತ್ತದೆ.

ಮೂವತ್ತನಾಲ್ಕನೆಯ ದಿನ

ಮೊದಲು ಜಾಲರಿಯ ಎರಡು ಕಡೆ. ಆ ಕಡೆಯಿಂದ ಹೆಣ್ಣುಗಳು ಬಂದು ಮೂಸುತ್ತವೆ. ಒಂದು ವಾರ ಹೀಗೆ. ಒಟ್ಟಿಗೆ ಬಿಡುವ ಮುನ್ನ ಬಯಲನ್ನು ಅದಕ್ಕೊಬ್ಬನಿಗೇ ಎರಡು ದಿನ ಬಿಡಬೇಕು. ಬೇಲಿ ಎಲ್ಲಿದೆ, ಕಂದಕ ಎಲ್ಲಿದೆ ಎಂದು ಓಡದೆಯೇ ತಿಳಿಯಲಿ. ತಂತಿ ಬೇಲಿ ಕಣ್ಣಿಗೆ ಬೀಳುವಂತೆ ಅದರುದ್ದಕ್ಕೂ ಸೊಪ್ಪಿನ ಕೊಂಬೆ ಕಟ್ಟುತ್ತಾರೆ. ಮೇವಿನ ತೊಟ್ಟಿಗಳು ಪ್ರಾಣಿಗಳ ಲೆಕ್ಕಕ್ಕಿಂತ ಎರಡಾದರೂ ಹೆಚ್ಚಿರಬೇಕು, ಮೂಲೆಯಲ್ಲಿ ಒಂದೂ ಇರಬಾರದು. ಮೂಲೆಗೆ ಸಿಕ್ಕ ಹೊಸಬ ಒದೆ ತಿನ್ನುತ್ತದೆ.

ಜೊತೆಗೆ ಮೊದಲು ಬಿಡುವುದು ಅತಿ ಚೆಲುವೆಯನ್ನಲ್ಲ, ಅತಿ ಸಾಧುವನ್ನು. ಆಮೇಲೆ ಉಳಿದವು, ಕೊನೆಗೆ ಯಜಮಾನಿ. ಅದು ಎರಡು ಸಲ ಅಟ್ಟುತ್ತದೆ, ಮೂರನೆಯ ಸಲ ಸುಮ್ಮನೆ ನೋಡುತ್ತದೆ. ನಾಲ್ಕೈದು ದಿನ ಕಳೆದ ಮೇಲೆ ಒಂದು ಬೆಳಿಗ್ಗೆ ಹೊಸಬ ಅದೇ ತೊಟ್ಟಿಗೆ ಮೂತಿ ಚಾಚಿದಾಗ ಯಜಮಾನಿ ಕಿವಿ ಆಡಿಸುತ್ತದೆ, ಜಾಗ ಬಿಡುವುದಿಲ್ಲ, ಅಟ್ಟುವುದೂ ಇಲ್ಲ. ಪಾಲಕರು ಜಾಲರಿಯ ಗೇಟನ್ನು ಗೋಡೆಗೆ ಒರಗಿಸಿ ಕೊಕ್ಕೆ ಹಾಕುತ್ತಾರೆ.